ಐತವಾರ ಬರ್ತೇನಿ

ಪ್ರಿಯದರ್ಶಿನಿಯ ದಿನ ಜನರೇಟರಿನ ಸದ್ದಿನೊಂದಿಗೆ ಶುರುವಾಗುತ್ತಿತ್ತು. ದಕ್ಷಿಣ ಸುಡಾನಿನ ಒಂದು ಸಣ್ಣ ಪಟ್ಟಣ. ಊರಾಚೆ ಮುಳ್ಳುತಂತಿಯ ಬೇಲಿಯೊಳಗೆ ಕಬ್ಬಿಣದ ಕಂಟೇನರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅವುಗಳಲ್ಲಿ ಒಂದು ಅವಳ ಮನೆ, ಇನ್ನೊಂದು ಅವಳ ಕಚೇರಿ. ಇಂಡಿ ತಾಲೂಕಿನ ತಾಂಬಾದ ಕುರಿಗಾರ ಸೋಮನಿಂಗನ ಮಗಳು ಇಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಅಧಿಕಾರಿಯಾಗಿ ಬಂದು ಮೂರನೆಯ ವರ್ಷ ನಡೆದಿತ್ತು.

ಅಧಿಕಾರಿ ಎಂದರೆ ಕೇಳಲು ದೊಡ್ಡದು. ಅವಳು ಮಾಡುತ್ತಿದ್ದದ್ದು ಕೇಳಿ ಬರೆದುಕೊಳ್ಳುವ ಕೆಲಸ. ಎಲ್ಲೋ ಹಳ್ಳಿ ಸುಟ್ಟರು, ದನ ಹೊಡೆದುಕೊಂಡು ಹೋದರು, ಹೆಂಗಸರನ್ನು ಎಳೆದುಕೊಂಡು ಹೋದರು ಎಂದು ಸುದ್ದಿ ಬರುತ್ತಿತ್ತು. ಹೋಗಲು ಪರವಾನಗಿ ಸಿಗುವುದಕ್ಕೆ ಎರಡು ದಿನ, ಕೆಲವೊಮ್ಮೆ ವಾರ. ದಾರಿಯ ನಡುವೆ ಬಂದೂಕು ಹಿಡಿದವರು ತಡೆದು ಹಿಂದಕ್ಕೆ ಕಳಿಸಿದರೆ ಅದೂ ಒಂದು ದಿನ ಹಾಳು. ಹೇಗೋ ಮುಟ್ಟಿದರೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವುದು. ಪಕ್ಕದಲ್ಲಿ ದುಭಾಷಿ ಗಟ್ಕೋತ್. ಅವನು ಹಿಂದೆ ಶಾಲೆಯ ಮಾಸ್ತರನಾಗಿದ್ದವನು, ದನಿ ಏರಿಸದವನು. ಎದುರಿಗೆ ಒಬ್ಬೊಬ್ಬರಾಗಿ ಬಂದು ಕೂರುವವರು. ಎಷ್ಟು ಹೊತ್ತಿನಲ್ಲಿ ನಡೆಯಿತು, ಎಷ್ಟು ಜನ ಬಂದಿದ್ದರು, ಏನು ಉಟ್ಟಿದ್ದರು, ಏನೆಂದರು. ಸಂಜೆ ಮರಳಿ ಬಂದು ಅದನ್ನೆಲ್ಲ ಟೈಪು ಮಾಡಿ ಮೇಲಿನವರಿಗೆ ಕಳಿಸಿದರೆ, ಆರು ತಿಂಗಳ ಮೇಲೆ ಯಾವುದೋ ದಪ್ಪ ವರದಿಯಲ್ಲಿ ಅದು ಒಂದೂವರೆ ಸಾಲಾಗಿ ಬರುತ್ತಿತ್ತು. ಬಾರದೆಯೂ ಇರುತ್ತಿತ್ತು.

ಡಿಸೆಂಬರಿನಲ್ಲಿ ನ್ಯಾಮಾಲ್ ಎಂಬ ಹೆಂಗಸು ಬಂದಳು. ದನ ಹೊಡೆದುಕೊಂಡು ಹೋಗಲು ಬಂದವರು ಅವಳ ಮಗಳನ್ನೂ ಒಯ್ದಿದ್ದರು. ಒಂಬತ್ತನೆಯ ದಿನ ಹೆಣ ಹೊಳೆಯ ಜೊಂಡಿನಲ್ಲಿ ಸಿಕ್ಕಿತ್ತು. ನ್ಯಾಮಾಲ್ ಅಳಲಿಲ್ಲ. ಎರಡು ತಾಸು ನೆಲ ನೋಡುತ್ತ ಹೇಳಿದಳು. ಮುಗಿದ ಮೇಲೆ, ಬರೆದದ್ದನ್ನು ಓದಿ ಎಂದಳು. ಪ್ರಿಯದರ್ಶಿನಿ ಓದಿದಳು, ಗಟ್ಕೋತ್ ಅವಳ ಭಾಷೆಗೆ ತಿರುಗಿಸಿದ. ಮಗಳ ಹೆಸರು ಬಂದಲ್ಲಿ ನ್ಯಾಮಾಲ್ ಕೈಯೆತ್ತಿ ತಡೆದಳು.

"ಆ ಹೆಸರು ಇನ್ನೊಮ್ಮೆ ಓದಬೇಕಂತೆ," ಎಂದ ಗಟ್ಕೋತ್.

ಓದಿದಳು. ಆಗ ನ್ಯಾಮಾಲ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಆ ರಾತ್ರಿ ಪ್ರಿಯದರ್ಶಿನಿಗೆ ಅತ್ತೆಯ ಮಗಳು ಕಾವೇರಿಯ ನೆನಪು ಬಹಳ ಕಾಡಿತು. ಆರು ವಾರಕ್ಕೊಮ್ಮೆ ಸಿಗುವ ರಜೆಯಲ್ಲಿ ಅವಳು ಅಲ್ಲೇ ಹತ್ತಿರದ ದೇಶಗಳಿಗೆ ಹೋಗಿ ಮಲಗಿ ಎದ್ದು ಬರುವವಳು; ಊರಿಗೆ ಹೋಗಿ ಎರಡು ವರ್ಷವಾಗಿತ್ತು. ಅತ್ತೆ ಕಸ್ತೂರೆವ್ವನ ಕಣ್ಣಿನ ಆಪರೇಷನ್ ಸಿಂದಗಿಯಲ್ಲಿ ಆಗಿದೆ ಎಂದು ತಮ್ಮ ಕಾಂತು ಫೋನಿನಲ್ಲಿ ಹೇಳಿದ್ದನ್ನೇ ನೆಪ ಮಾಡಿಕೊಂಡು ಈ ಸಲ ತಾಂಬಾಕ್ಕೆ ಹೊರಟಳು.

ಕಸ್ತೂರೆವ್ವ ಸೋಮನಿಂಗನ ತಂಗಿ. ಗಂಡ ತೀರಿಕೊಂಡಾಗ ವರ್ಷದ ಕೂಸು ಕಾವೇರಿಯನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದಿದ್ದಳು. ಮುಂದೆ ಪ್ರಿಯದರ್ಶಿನಿಯ ತಾಯಿಯೂ ಹೋದಳು. ಆಮೇಲೆ ಮೂರೂ ಮಕ್ಕಳಿಗೆ ಅವಳೇ ತಾಯಿ. ಪ್ರಿಯದರ್ಶಿನಿಗಿಂತ ಕಾವೇರಿ ಒಂದೇ ವರ್ಷಕ್ಕೆ ಚಿಕ್ಕವಳು. ಇಬ್ಬರೂ ಒಂದೇ ತಾಟಿನಲ್ಲಿ ಉಂಡು, ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದವರು. ಒಬ್ಬಳು ಓದಿನಲ್ಲಿ ಜಾಣೆ ಎಂದು ಇಂಡಿಗೆ, ಮುಂದೆ ವಿಜಯಪುರಕ್ಕೆ ಲಾ ಓದಲು ಹೋದಳು. ಇನ್ನೊಬ್ಬಳನ್ನು ಹದಿನೆಂಟು ತುಂಬಿದ ಕೂಡಲೇ ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಮೂರು ವರ್ಷಕ್ಕೆ ಆ ಹುಡುಗಿ ಸತ್ತಳು. ಕಾಲು ಜಾರಿ ಬಾವಿಗೆ ಬಿದ್ದಳೆಂದು ಗಂಡನ ಮನೆಯವರು ಹೇಳಿದರು. ತಾಂಬಾದಲ್ಲಿ ಕೇಳಿದವರಿಗೆ, ಹೊಟ್ಟೆಬೇನೆಯಿಂದ ಹೋದಳೆಂದು ತವರಿನವರು ಹೇಳಿದರು. ಇದಾಗಿ ಹನ್ನೊಂದು ವರ್ಷ.

ಪ್ರಿಯದರ್ಶಿನಿ ಬಂದಾಗ ಕಸ್ತೂರೆವ್ವ ಕರೀ ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಬಗ್ಗಬೇಡ, ಒಲೆಯ ಮುಂದೆ ಕೂರಬೇಡ ಎಂದು ಡಾಕ್ಟರು ಹೇಳಿದ್ದರು. ಹುಟ್ಟಿದಾಗಿನಿಂದ ಸುಮ್ಮನೆ ಕೂತು ಗೊತ್ತಿಲ್ಲದ ಹೆಂಗಸಿಗೆ ಅದೇ ದೊಡ್ಡ ಜಡ್ಡಾಗಿತ್ತು.

ಮೂರನೆಯ ದಿನ ಮಧ್ಯಾಹ್ನ, ಸೋಮನಿಂಗ ಮತ್ತು ಕಾಂತು ಕುರಿ ಹೊಡೆದುಕೊಂಡು ಹೋಗಿದ್ದಾಗ, ಅವಳು ಕೇಳಿದಳು:

"ಅಲ್ಲವಾ, ನೀ ಅಲ್ಲಿ ಏನ್ ಕೆಲಸ ಮಾಡ್ತಿ? ಆಫೀಸರ್ ಅಂತಾರ ಎಲ್ಲಾರೂ. ಯಾತರ ಆಫೀಸರ?"

"ಮಂದಿ ಹೇಳಿದ್ದು ಬರಕೋತೇನಿ, ಅತ್ತಿ."

"ಎಂಥಾ ಮಂದಿ?"

ಪ್ರಿಯದರ್ಶಿನಿ ನ್ಯಾಮಾಲಳ ಸಂಗತಿ ಹೇಳಿದಳು. ಹೆಸರು ಬಿಟ್ಟು, ಊರು ಬಿಟ್ಟು, ಹೊಳೆಯ ಜೊಂಡನ್ನೂ ಬಿಟ್ಟು, ಒಬ್ಬ ತಾಯಿಯ ಮಗಳನ್ನು ಕೊಂದರು ಎಂದಷ್ಟೇ.

"ಬರಕೊಂಡ್ರ ಅಕಿ ಮಗಳು ತಿರುಗಿ ಬರ್ತಾಳೇನು?"

"ಇಲ್ಲ."

"ಮತ್ತ?"

"ಏನಾತು ಅನ್ನೂದು ಒಂದ್ ಕಡಿ ಉಳೀತೈತಿ. ಆಮ್ಯಾಲ ಯಾರೂ ಅದನ್ನ ಆಗೇ ಇಲ್ಲ ಅನ್ನಾಕ ಬರೂದಿಲ್ಲ."

"ಹಂಗಾರ ನಂದೂ ಬರಕೋ," ಎಂದಳು ಕಸ್ತೂರೆವ್ವ.

ಪ್ರಿಯದರ್ಶಿನಿ ನೂರಾರು ಹೇಳಿಕೆ ಬರೆದುಕೊಂಡವಳು. ಒಳಗೆ ಹೋಗಿ ಬ್ಯಾಗಿನಿಂದ ನೋಟುಪುಸ್ತಕ ತೆಗೆದಳು. ಬಂದು ಎದುರಿಗೆ ಕೂತು, ರೂಢಿಯಂತೆ, ಇದನ್ನು ಬರೆದರೆ ಏನೂ ಆಗದೆಯೂ ಹೋಗಬಹುದು, ಬೇಡವೆನಿಸಿದಾಗ ನಿಲ್ಲಿಸಬಹುದು, ನಿನ್ನ ಹೆಸರು ಬರೆಯದೆ ಬಿಡಬೇಕೆಂದರೆ ಬಿಡುತ್ತೇನೆ ಎಂದು ಹೇಳಿದಳು.

"ನನ್ನ ಹೆಸರೂ ಬರಿ. ಕಾವೇರಿ ಹೆಸರು ಮೊದಲ ಬರಿ."

ಕಸ್ತೂರೆವ್ವ ಹೇಳತೊಡಗಿದಳು. ಶುಕ್ರವಾರ ಹೊತ್ತು ಮೂಡುವಾಗ ಫೋನು ಬಂತು. ಸಿಂದಗಿ ಹಾದು, ಬಸವನ ಬಾಗೇವಾಡಿ ಹಾದು ಅಲ್ಲಿ ಮುಟ್ಟಿದಾಗ ಮಧ್ಯಾಹ್ನ. ಅಷ್ಟರಲ್ಲಿ ಹೆಣಕ್ಕೆ ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ಕೈತುಂಬ ಹಸಿರು ಬಳೆ ಇಟ್ಟು ಕೂರಿಸಿದ್ದರು. ಅರಿಷಿಣ ಹಚ್ಚುವ ನೆಪದಲ್ಲಿ ಅವಳು ಮಗಳ ಕುತ್ತಿಗೆಯ ಹಿಂದೆ ಕೈಯಾಡಿಸಿದಳು.

"ಇಲ್ಲಿ," ಎಂದು ತನ್ನ ಕುತ್ತಿಗೆ ಮುಟ್ಟಿ ತೋರಿಸಿದಳು. "ನನ್ನ ನಾಕು ಬೆರಳಿನಷ್ಟು ಅಗಲ ಕರ್ರಗಾಗಿತ್ತು. ನೀರಾಗ ಬಿದ್ದಾಕಿಗೆ ಅಲ್ಲ್ಯಾಕ ಕರ್ರಗಾಗತೈತಿ? ಅಕಿ ಅತ್ತಿ ನನ್ನ ಕೈ ಹಿಡದು ಸರಸಿದ್ಲು. ಗಂಡಸರು ಬೇವಿನ ಗಿಡದ ಕೆಳಗ ಕುಂತು ಮಾತಾಡಿದ್ರು. ಪೊಲೀಸರಿಗೆ ಹೇಳಿದ್ರ ಮೈ ಕೊಯ್ತಾರ, ಹೋದಾಕಿ ಬರೂದಿಲ್ಲ ಅಂತ ನಿಮ್ಮಪ್ಪ ಅಂದ. ಸಂಜಿಯೊಳಗ ಅವರ ಹೊಲದ ಬದುವಿನ್ಯಾಗ ಮಣ್ಣು ಕೊಟ್ರು. ನಾ ಸುಮ್ಮ ಆದೆ. ಅಣ್ಣನ ಮನಿ ಕೂಳು ತಿನ್ನಾಕಿ ನಾನು."

ಪ್ರಿಯದರ್ಶಿನಿ ಬರೆಯುತ್ತಿದ್ದಳು.

"ಅಕಿ ಯಾರಿಗರೆ ಹೇಳಿಕೊಂಡಿದ್ಲೋ ಏನೋ," ಎಂದಳು ಕಸ್ತೂರೆವ್ವ. "ಮೂರು ವರ್ಷದಾಗ ನನ್ನ ಮುಂದ ಒಂದ್ ಮಾತು ಆಡಲಿಲ್ಲ. ನನಗ್ಯಾಕ ಹೇಳಲಿಲ್ಲ ಅಂತ ಇನ್ನೂ ಹೊಯ್ದಾಡತೈತಿ ಜೀವ."

ಪೆನ್ನು ನಿಂತಿತು. ಕನ್ನಡಕದ ಹಿಂದಿನ ಕಣ್ಣಿಗೆ ಅದು ಕಂಡಿತೋ ಇಲ್ಲವೋ.

ಕಾವೇರಿ ಹೇಳಿಕೊಂಡಿದ್ದಳು. ಆ ಗುರುವಾರ ಸಂಜೆ ವಿಜಯಪುರದ ಹಾಸ್ಟೆಲಿನಲ್ಲಿ ಪ್ರಿಯದರ್ಶಿನಿಯ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದಿತ್ತು. ಹಿಂದೆ ಏನೋ ಗಡಗಡ ಸದ್ದು. "ಅಕ್ಕಾ, ನನ್ನ ಕರಕೊಂಡು ಹೋಗು," ಎಂದಿದ್ದಳು ಕಾವೇರಿ. ಪರೀಕ್ಷೆಗಳು ನಡೆದಿದ್ದವು, ಮರುದಿನ ಒಂದು, ಶನಿವಾರ ಕೊನೆಯದು. "ಐತವಾರ ಬರ್ತೇನಿ. ಅಲ್ಲೀತನಕ ಸುಮ್ಮಿರು," ಎಂದು ಇವಳು ಹೇಳಿದ್ದಳು. ಶುಕ್ರವಾರ ಪರೀಕ್ಷೆ ಬರೆದು ಹೊರಗೆ ಬಂದಾಗ ಸುದ್ದಿ ಮುಟ್ಟಿತು. ಆ ಕರೆಯ ಮಾತನ್ನು ಅವಳು ಅಪ್ಪನಿಗೆ ಹೇಳಲಿಲ್ಲ, ಅತ್ತೆಗೆ ಹೇಳಲಿಲ್ಲ, ಲಾ ಮುಗಿಸಿ, ಬೇರೆ ಬೇರೆ ಸಂಸ್ಥೆಗಳಲ್ಲಿ ದುಡಿದು, ಸಮುದ್ರ ದಾಟಿ ಹೋಗಿ ಅಪರಿಚಿತರ ದುಃಖ ಬರೆದುಕೊಳ್ಳುತ್ತ ಕೂತಾಗಲೂ ಯಾರಿಗೂ ಹೇಳಲಿಲ್ಲ.

ಈಗಲೂ ಬಾಯಿ ಬರಲಿಲ್ಲ. "ಮುಂದ ಹೇಳು, ಅತ್ತಿ," ಎಂದಳು.

ಹೇಳಿಕೆ ಮುಗಿದ ಮೇಲೆ ಕಸ್ತೂರೆವ್ವನದು ಒಂದೇ ಹಟ. ಆ ಊರಿಗೆ ಹೋಗಬೇಕು. ಮಗಳ ಮಣ್ಣು ನೋಡಬೇಕು, ಅಲ್ಲಿ ಕಂಡವರು ಯಾರಾದರೂ ಇದ್ದರೆ ಅವರದನ್ನೂ ಬರೆದುಕೊಳ್ಳಬೇಕು.

ಎರಡು ದಿನ ಬಿಟ್ಟು ನಸುಕಿನಲ್ಲೇ ಇಬ್ಬರೂ ಹೊರಟರು. ಸೋಮನಿಂಗ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಏನ್ ಸಿಗತೈತಿ ಅಲ್ಲಿ, ಕಸ್ತೂರಿ?"

"ಏನೂ ಸಿಗಲಿಕ್ಕಂದ್ರೂ ಹೋಗ್ತೇನಿ, ಅಣ್ಣಾ."

ಅಣ್ಣನ ಮಾತಿಗೆ ಅವಳು ಎದುರು ಆಡಿದ್ದು ಅದೇ ಮೊದಲು. ಸೋಮನಿಂಗ ಮಗಳ ಕೈಯಿಂದ ಚೀಲ ತೆಗೆದುಕೊಂಡು ಬಸ್ ನಿಲ್ಲುವಲ್ಲಿಯ ತನಕ ಜೊತೆಗೆ ನಡೆದ. ದೂರದಲ್ಲಿ ಸಿಂದಗಿ ಬಸ್ಸಿನ ದೀಪ ಕಂಡಾಗ ಚೀಲ ಕೆಳಗಿಟ್ಟ.

"ಕುತಗಿ ಮ್ಯಾಗಿಂದು ನಾನೂ ನೋಡಿದ್ದೆ," ಎಂದ, ತಂಗಿಯ ಕಡೆ ನೋಡದೆ. "ಹೆದರಿದೆ. ನಮ್ಮ ಕೂಸಿನ ಮೈ ಕೊಯ್ತಾರ ಅಂತ ಹೆದರಿದೆ. ಬಂದ ಮ್ಯಾಲ ನಂದೂ ಬರಕೋ, ಪ್ರಿಯಾ."

ಕಸ್ತೂರೆವ್ವ ಬಸ್ಸು ಹತ್ತಿದಳು. ತಿರುಗಿ ನೋಡಲಿಲ್ಲ.

ಸಿಂದಗಿಯಲ್ಲಿ ಬಸ್ಸು ಬದಲಿಸಿ, ಬಸವನ ಬಾಗೇವಾಡಿಯಲ್ಲಿ ಮತ್ತೆ ಬದಲಿಸಿ, ಮುದ್ದೇಬಿಹಾಳದಿಂದ ಟಂಟಂ ರಿಕ್ಷಾ ಹಿಡಿದು ಆ ಹಳ್ಳಿ ಮುಟ್ಟುವಷ್ಟರಲ್ಲಿ ಹನ್ನೊಂದೂವರೆ. ದಾರಿಯುದ್ದಕ್ಕೂ ತೊಗರಿ ಕೊಯ್ದು ಬಣವೆ ಹಾಕಿದ್ದರು. ಕಾಲುವೆ ನೀರು ಬಂದು ಊರಿನ ಚಹರೆಯೇ ಬದಲಾಗಿತ್ತು. ಕಾವೇರಿಯ ಗಂಡನ ಮನೆಗೆ ಬೀಗ ಬಿದ್ದಿತ್ತು, ಬಾಗಿಲ ಮುಂದೆ ಯಾರದೋ ಎಮ್ಮೆ ಕಟ್ಟಿದ್ದರು. ಪಕ್ಕದ ಹಿಟ್ಟಿನ ಗಿರಣಿಯಿಂದ ಒಬ್ಬ ಹೆಂಗಸು, ತಲೆಯ ಸೆರಗೆಲ್ಲ ಹಿಟ್ಟಾಗಿ, ಹೊರಗೆ ಬಂದು ನಿಂತಳು. ಐವತ್ತರ ಆಸುಪಾಸಿನವಳು. ಕಸ್ತೂರೆವ್ವನನ್ನು ದಿಟ್ಟಿಸಿದಳು.

"ನೀವು ಕಾವೇರಿ ತಾಯಿ ಹೌದಲ್ರಿ?"

ಗಿರಣಿಯ ಲಾಲಬಿ ಅವಳು. ಒಳಗೆ ಕರೆದೊಯ್ದು ಚಾಪೆ ಹಾಸಿದಳು, ನೀರು ಕೊಟ್ಟಳು. ಅವರು ಕೇಳುವ ಮೊದಲೇ ಎಲ್ಲ ಹೇಳಿದಳು. ಕಾವೇರಿಯ ಗಂಡ ಮತ್ತೊಂದು ಮದುವೆಯಾಗಿದ್ದ, ನಾಲ್ಕು ವರ್ಷದ ಹಿಂದೆ ಮೋಟಾರ್ ಸೈಕಲ್ಲಿನಿಂದ ಬಿದ್ದು ಸತ್ತ. ಮಾವನೂ ಹೋದ. ಅತ್ತೆ ಎಲ್ಲೋ ಮಗಳ ಮನೆಯಲ್ಲಿದ್ದಾಳೆ, ಗುರುತು ಹಿಡಿಯುವ ಸ್ಥಿತಿಯಲ್ಲಿಲ್ಲ. ಹೊಲ ಮಾರಿದರು. ಕೊಂಡವರು ಬಾವಿ ಮುಚ್ಚಿಸಿ, ಬದು ಒಡೆದು, ಜೆಸಿಬಿಯಿಂದ ನೆಲ ಸಮ ಮಾಡಿಸಿ ಕಬ್ಬು ಹಚ್ಚಿದ್ದಾರೆ.

"ಮಣ್ಣು ಕೊಟ್ಟ ಜಾಗ?" ಎಂದಳು ಕಸ್ತೂರೆವ್ವ.

ಲಾಲಬಿ ತಲೆ ತಗ್ಗಿಸಿದಳು. "ಗುರ್ತ ಉಳದಿಲ್ರಿ, ಯವ್ವಾ."

ಕಸ್ತೂರೆವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಪ್ರಿಯದರ್ಶಿನಿ ತಾನು ಯಾರು, ಏಕೆ ಬಂದೆವು ಎಂದು ಹೇಳಿ ನೋಟುಪುಸ್ತಕ ತೆರೆದಳು. ಹೇಳಲೇಬೇಕೆಂದೇನಿಲ್ಲ ಎಂದೂ ಹೇಳಿದಳು.

"ಹೇಳ್ತೇನ್ರಿ. ಹನ್ನೊಂದು ವರ್ಷದಿಂದ ಒಬ್ಬರೂ ಕೇಳಲಿಲ್ಲ. ಅವತ್ತ ನಾ ನಸುಕಿನ್ಯಾಗ ನೀರು ತುಂಬಾಕ ಎದ್ದಿದ್ದೆ. ಅಪ್ಪ ಮಗ ಇಬ್ಬರೂ ಅಕಿನ್ನ ಎತ್ತಿಕೊಂಡು ಬಾವಿ ಕಡಿ ಹೊಂಟಿದ್ರು. ಕಾಲು ಜೋತಾಡಾಕತ್ತಿದ್ದು. ಜೀವ ಇತ್ತೋ ಇಲ್ಲೋ ನನಗ ಗೊತ್ತಿಲ್ರಿ, ಸುಳ್ಳು ಹೇಳೂದಿಲ್ಲ. ನಮ್ಮ ಮನ್ಯಾವ್ರು ಖಾಜಾಸಾಬ್ರು, ನಮಗ್ಯಾಕ, ಇದ ಓಣ್ಯಾಗ ಬಾಳ್ವೆ ಮಾಡಬೇಕಲ್ಲ ಅಂದ್ರು. ಬಾಯಿ ಹೊಲಕೊಂಡು ಕುಂತೆ."

ಸೆರಗಿನ ಹಿಟ್ಟು ಕೊಡವಿಕೊಂಡು ಮತ್ತೆ ಹೇಳಿದಳು:

"ಹಿಂದಿನ ದಿನ ಸಂಜಿಗೆ ಜೋಳ ಬೀಸಿಸಾಕ ಬಂದಿದ್ಲು. ಹಣೀಗೆ ಗಾಯ ಆಗಿತ್ತು. ಲಾಲಬಿ ಅಕ್ಕಾ, ಫೋನ್ ಕೊಡ್ತಿಯೇನು ಅಂದ್ಲು. ಗಿರಣಿ ನಡದಿತ್ತು, ಹೊರಗ ಯಾರಿಗೂ ಕೇಳಬಾರದು ಅಂತ ಒಳಗ ನಿಂತ ಮಾತಾಡಿದ್ಲು. ಮಾತಾಡಿ ಬಂದಾಗ ಮಾರಿ ಗೆಲುವಾಗಿತ್ರಿ. ಐತವಾರ ಬರ್ತಾಳಂತ, ಅಂದ್ಲು. ಹಿಟ್ಟಿನ ಡಬ್ಬಿ ಹೊತಗೊಂಡು ನಕ್ಕೋತ ಹೋದ್ಲು."

"ಯಾರು ಬರ್ತಾರಂತ?" ಕಸ್ತೂರೆವ್ವ ಮುಂದಕ್ಕೆ ಸರಿದಳು. "ಯಾರಿಗೆ ಮಾಡಿದ್ಲು ಫೋನು?"

"ಹೆಸರು ಹೇಳಲಿಲ್ರಿ. ಅಕ್ಕ ಅಂದ್ಲು."

ಪ್ರಿಯದರ್ಶಿನಿ ಪೆನ್ನು ಕೆಳಗಿಟ್ಟಳು.

"ನನಗ, ಅತ್ತಿ," ಎಂದಳು. "ನನಗ ಮಾಡಿದ್ಲು."

ಕಸ್ತೂರೆವ್ವ ತಿರುಗಿದಳು. ಕರೀ ಗಾಜಿನ ಹಿಂದೆ ಅವಳ ಕಣ್ಣು ಕಾಣಲಿಲ್ಲ. ಲಾಲಬಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿ, ಚಹಾ ಮಾಡುತ್ತೇನೆಂದು ಒಳಗೆ ಹೋದಳು. ಚಹಾ ಬಂತು, ಆರಿತು. ಯಾರೂ ಕುಡಿಯಲಿಲ್ಲ. ಕಡೆಗೆ ಕಸ್ತೂರೆವ್ವ ಗೋಡೆ ಹಿಡಿದು ಎದ್ದು, "ನಡಿ, ಬಸ್ಸಿಗೆ ಹೊತ್ತಾತು," ಎಂದಳು.

ಬಸವನ ಬಾಗೇವಾಡಿಯಲ್ಲಿ ಯುನೂಸನನ್ನು ಕಾಣುವುದೆಂದು ಮೊದಲೇ ಮಾತಾಗಿತ್ತು. ಲಾ ಕಾಲೇಜಿನಲ್ಲಿ ಪ್ರಿಯದರ್ಶಿನಿಯ ಜೊತೆಗೆ ಓದಿದವನು. ಈಗ ಅಲ್ಲಿ ವಕೀಲ. ಬಸ್ ನಿಲ್ದಾಣದ ಹತ್ತಿರ ಒಂದು ಅಂಗಡಿಯ ಮಾಳಿಗೆಯ ಮೇಲೆ ಅವನ ಕೋಣೆ. ಬರೆದದ್ದನ್ನೆಲ್ಲ ಓದಿ ಅವನು ಕನ್ನಡಕ ಕಳಚಿಟ್ಟ.

"ಪ್ರಿಯದರ್ಶಿನಿ, ನಿನಗ ನಾ ಹೇಳಬೇಕಾಗಿಲ್ಲ. ಹೆಣ ಇಲ್ಲ, ಪಂಚನಾಮಾ ಇಲ್ಲ, ಮಾಡಿದವರು ಇಬ್ಬರೂ ಸತ್ತಾರ. ಅರ್ಜಿ ಕೊಡೂಣು, ತಗೋತಾರ. ಆದ್ರ ಕೇಸು ನಿಲ್ಲೂದಿಲ್ಲ."

"ಗೊತ್ತೈತಿ. ಇನ್ನೊಂದು ಹೇಳಿಕೆ ಉಳದೈತಿ, ಯುನೂಸ. ಅದನ್ನ ನಾ ಬರಿಯಾಕ ಬರೂದಿಲ್ಲ. ನೀ ಬರಕೋ."

ಅವನು ಅರ್ಥವಾಗದೆ ಕಸ್ತೂರೆವ್ವನ ಕಡೆ ನೋಡಿದ. ಅವನು ಹಾಳೆ ಎಳೆದುಕೊಂಡ.

ಹೆಸರು, ವಯಸ್ಸು. ಕರೆ ಬಂದಾಗ ಎಲ್ಲಿದ್ದಿರಿ. ಎಷ್ಟು ಹೊತ್ತು. ಆಕೆ ಏನೆಂದಳು, ಅದೇ ಮಾತಿನಲ್ಲಿ ಹೇಳಿ. ನೀವು ಏನೆಂದಿರಿ. ಪ್ರಿಯದರ್ಶಿನಿ ಮರದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಷ್ಟೋ ಜನರಿಗೆ ಕೇಳಿದ ಪ್ರಶ್ನೆಗಳೇ ಅವು. ಉತ್ತರ ಹೇಳುವುದು ಇಷ್ಟು ಭಾರವೆಂದು ಅವಳಿಗೆ ಗೊತ್ತಿರಲಿಲ್ಲ. ಕರೆಯ ವಿಷಯ ಯಾರಿಗೂ ಏಕೆ ತಿಳಿಸಲಿಲ್ಲ ಎಂದು ಯುನೂಸ ಮೆಲ್ಲಗೆ ಕೇಳಿದಾಗ, "ಅಂಜಿಕಿ. ನಾನು ಕೊಂದಂಗಾತು ಅಂತ ಅಂದಾರು ಅಂತ," ಎಂದಳು. ಅದೂ ಹಾಳೆಯ ಮೇಲೆ ಬಿತ್ತು.

ಆಗ ಕಸ್ತೂರೆವ್ವ ಮಾತಾಡಿದಳು.

"ಅಳಾಕತ್ತಿದ್ಲೇನು ಅಕಿ?"

"ಗಿರಣಿ ಸಪ್ಪಳದಾಗ ಗೊತ್ತಾಗಲಿಲ್ಲ, ಅತ್ತಿ."

"ನೀ ಐತವಾರ ಅಂದಾಗ ಏನಂದ್ಲು?"

"ಹೂಂ ಅಂದ್ಲು."

"ಅಷ್ಟನ?"

"ಅಷ್ಟ."

ಸಿಂದಗಿ ಬಸ್ಸಿನಲ್ಲಿ ಕಸ್ತೂರೆವ್ವ ಹೋಗಿ ಬೇರೆ ಸೀಟಿನಲ್ಲಿ ಕೂತಳು. ಹೊತ್ತು ಮುಳುಗುತ್ತಿತ್ತು. ಎರಡು ಸೀಟು ಹಿಂದೆ ಕೂತ ಪ್ರಿಯದರ್ಶಿನಿಗೆ ಅವಳ ನರೆತ ತುರುಬಷ್ಟೇ ಕಾಣುತ್ತಿತ್ತು. ದೇವರ ಹಿಪ್ಪರಗಿಯಲ್ಲಿ ಜನ ಇಳಿದು ಕಸ್ತೂರೆವ್ವನ ಪಕ್ಕದ ಜಾಗ ಖಾಲಿಯಾದಾಗ ಇವಳು ಎದ್ದುಹೋಗಿ ಅಲ್ಲಿ ಕೂತಳು.

"ಅವತ್ತಿನ ಪರೀಕ್ಷಾ ಪಾಸಾದಿಯೇನು?" ಎಂದಳು ಕಸ್ತೂರೆವ್ವ, ಕಿಟಕಿಯ ಕಡೆ ನೋಡುತ್ತಲೇ.

"ಆದೆ."

"ಛಲೋ ಆತು ಬಿಡು."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಪ್ರಿಯದರ್ಶಿನಿಗೆ ತಡೆದುಕೊಳ್ಳುವುದು ಹಗುರಾಗುತ್ತಿತ್ತು.

ಮರುದಿನ ಸೋಮನಿಂಗನ ಹೇಳಿಕೆ ಬರೆದುಕೊಂಡಳು. ಅವನು ಕುರಿಹಟ್ಟಿಯಲ್ಲಿ ನಿಂತೇ ಹೇಳಿದ, ಹೆಬ್ಬೆಟ್ಟು ಒತ್ತಿದ, ಕಂಬಳಿಗೆ ಬೆರಳು ಒರೆಸಿಕೊಂಡು ಹೋದ. ನಾಲ್ಕೂ ಹೇಳಿಕೆಗಳನ್ನು ಕೂಡಿಸಿ ಯುನೂಸ ಪೊಲೀಸರಿಗೆ ಅರ್ಜಿ ಕೊಟ್ಟ. ರಜೆ ಮುಗಿದು ಹೊರಡುವ ದಿನ ಕಸ್ತೂರೆವ್ವ ಬುತ್ತಿ ಕಟ್ಟಿಕೊಟ್ಟಳು: ಖಡಕ್ ರೊಟ್ಟಿ, ಶೇಂಗಾ ಹಿಂಡಿ. ತಲೆ ಮುಟ್ಟಿ ನೆಟಿಗೆ ಮುರಿಯಲಿಲ್ಲ. ಪ್ರತಿ ಸಲ ಮುರಿಯುತ್ತಿದ್ದಳು.

ಮೂರು ತಿಂಗಳ ಮೇಲೆ ಯುನೂಸನ ಫೋನು ಬಂತು. ವಿಚಾರಣೆ ಮಾಡಿದ್ದಾರೆ, ಆಪಾದಿತರು ಬದುಕಿಲ್ಲವೆಂದು ಬರೆದು ಅರ್ಜಿ ಮುಚ್ಚಿದ್ದಾರೆ. ಆದರೆ ಕಾಲು ಜಾರಿ ಬಿದ್ದಳೆಂದು ಎಲ್ಲೂ ಬರೆದಿಲ್ಲ. "ಅನುಮಾನಾಸ್ಪದ ಸಾವು ಅಂತ ಐತಿ. ಅಷ್ಟ ಆತು ನೋಡು," ಎಂದ.

ಅಷ್ಟನ್ನು ಹೇಳಲೆಂದು ಅವಳು ಮನೆಗೆ ಫೋನು ಮಾಡಿದಳು. ಕಾಂತು ಎತ್ತಿದ.

"ಅತ್ತಿಗೆ ಕೊಡು."

"ಅತ್ತಿ ಇಲ್ಲಕ್ಕಾ. ಮುದ್ದೇಬಿಹಾಳ ಕಡಿ ಹೋಗ್ಯಾಳ. ಅದ ಲಾಲಬಿ ಅಂತಲ್ಲ, ಅಕಿ ಮನೀಗೆ. ತಿಂಗಳಿಗೊಮ್ಮೆ ಹೋಗ್ತಾಳ ಈಗ. ಎರಡೆರಡು ದಿನ ಇದ್ದು ಬರ್ತಾಳ."

"ಏನ್ ಮಾಡ್ತಾಳ ಅಲ್ಲಿ?"

"ಏನೂ ಇಲ್ಲಂತ. ಗಿರಣ್ಯಾಗ ಕುಂಡರ್ತಾಳಂತ. ಬಂದ ಮ್ಯಾಲ ಫೋನ್ ಮಾಡಸ್ಲೇನು?"

"ಬ್ಯಾಡ. ಯುನೂಸ ಹೇಳಿದ್ದು ನೀನ ಹೇಳು. ಮಾತಾಡಬೇಕು ಅನಿಸಿದಾಗ ಅಕಿನ ಮಾಡ್ಲಿ."

ಹೊರಗೆ ಗಟ್ಕೋತ್ ಬಂದು ನಿಂತಿದ್ದ. ಹೊಳೆಯಾಚೆಯ ಹಳ್ಳಿಗೆ ಹೋಗಲು ಪರವಾನಗಿ ಬಂದಿತ್ತು. ಏಳು ಜನ ಹೇಳಲು ಕಾದಿದ್ದಾರೆ ಎಂದ. ಅವಳು ಟೋಪಿ ಹಾಕಿಕೊಂಡು ಗಾಡಿ ಹತ್ತಿದಳು. ಆ ಮಳೆಗಾಲವೆಲ್ಲ ಅತ್ತೆಯ ಫೋನು ಬರಲಿಲ್ಲ.